ಉ: ಅಪ್‌ಗ್ರೇಡ್ ಮಾಡಿದರೆ ಇನಿಟ್ ತಾನಾಗಿ ಬದಲಾಗುವುದು ಸರಿಯೇ?

ನಮಸ್ಕಾರ. ಡೆಬಿಯನ್ ಅನ್ನುವ ಲಿನಕ್ಸ್ ವ್ಯವಸ್ಥೆಯ 7ನೇ ಆವೃತ್ತಿಯ ಹಳೇ ಸರ್ವರನ್ನು 8ಕ್ಕೆ ಏರಿಸಿದರೆ ಇನಿಟ್ (ಬೂಟ್ ಆಗುವಾಗ ಮೊದಲು ಓಡಿ ಉಳಿದ ಸೇವೆಗಳನ್ನು ಶುರುಮಾಡುವ ಪ್ರೋಗ್ರಾಂ) ಬದಲಾಗುತ್ತದೆ, ಹಳೇ ಸಿಸ್‌ವಿ ಇನಿಟ್ ಹೋಗಿ ಸಿಸ್ಟಮ್‌ಡಿ ಬರುತ್ತದೆ, ಇದು ನ್ಯಾಯವೇ ಅಂತ ಕೇಳಿದ್ದೀರಿ. ನನ್ನ ಮಟ್ಟಿಗೆ, ಹೊಸದಾಗಿ ಹಾಕುವವರಿಗೆ ಸಿಸ್ಟಮ್‌ಡಿ ಕೊಟ್ಟಿದ್ದು ಸರಿ. ಓಡುತ್ತಿರುವ ಯಂತ್ರದಲ್ಲಿ ಕೇಳದೆ ಬದಲಿಸಿದ್ದು ತಪ್ಪು.

2014ರ ಫೆಬ್ರುವರಿಯಲ್ಲಿ ಡೆಬಿಯನ್ನಿನ ತಾಂತ್ರಿಕ ಸಮಿತಿ ತೀರ್ಮಾನಿಸಿದ್ದು ಡೀಫಾಲ್ಟ್ ಇನಿಟ್ ಯಾವುದು ಅನ್ನುವುದನ್ನು. ಹಳೇ ಯಂತ್ರದ ಮಾತೇ ಬೇರೆ. ಅಲ್ಲಿ ಇನಿಟ್ ಅಂದರೆ ಮನೆಯ ಅಡಿಪಾಯ. ಇನಿಟ್‌ಟ್ಯಾಬ್‌ನಲ್ಲಿ (ಹಳೇ ಇನಿಟ್‌ನ ಸೆಟ್ಟಿಂಗ್ ಕಡತ) ನೀವು ಕೈಯಾರೆ ಬರೆದ ಸಾಲುಗಳನ್ನು ಸಿಸ್ಟಮ್‌ಡಿ ಓದುವುದೇ ಇಲ್ಲ. ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡಿಸ್ಕ್ ಎಲ್ಲಿ ಸೇರಬೇಕು ಅನ್ನುವ ಪಟ್ಟಿ) ಎಂದೋ ತೆಗೆದ ಡಿಸ್ಕಿನ ಸಾಲು ಉಳಿದಿದ್ದರೆ, ಹಿಂದೆ ಸಿಸ್‌ವಿ ಇನಿಟ್ ಇದ್ದಾಗ ಒಂದು ದೂರು ಹೇಳಿ ಬೂಟ್ ಮುಂದುವರಿಯುತ್ತಿತ್ತು. ಈಗ ಸುಮಾರು ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡ್‌ಗೆ (ರಿಪೇರಿಗಷ್ಟೇ ಇರುವ ಸ್ಥಿತಿ) ಬೀಳುತ್ತದೆ. ಸರ್ವರ್ ಬೇರೆ ಊರಲ್ಲಿದ್ದರೆ ದೂರದಿಂದ ಒಳಹೋಗುವ ಎಸ್‌ಎಸ್‌ಎಚ್ ಕೂಡ ಸಿಗುವುದಿಲ್ಲ. ಹಾಗಾಗಿ ಅಂಥ ಸಾಲುಗಳನ್ನು ಮೊದಲೇ ತೆಗೆಯಿರಿ, ಇಲ್ಲವೇ ಡಿಸ್ಕ್ ಸಿಗದಿದ್ದರೂ ಬೂಟ್ ಮುಂದುವರಿಸುವ ನೋಫೇಲ್ ಆಯ್ಕೆ ಸೇರಿಸಿ.

ಹಳೆಯದೇ ಇರಲಿ ಅನ್ನುವುದಾದರೆ, ಅಪ್‌ಗ್ರೇಡಿಗೆ ಮುಂಚೆಯೇ ಪ್ಯಾಕೇಜ್ ಹಾಕುವ ಸಾಧನವಾದ ಆಪ್ಟ್‌ನ ಪ್ರಿಫರೆನ್ಸಸ್‌ನಲ್ಲಿ, ಸಿಸ್ಟಮ್‌ಡಿಯನ್ನು ಇನಿಟ್ ಆಗಿ ಕೂರಿಸುವ ಸಿಸ್ಟಮ್‌ಡಿ-ಸಿಸ್‌ವಿ ಪ್ಯಾಕೇಜಿಗೆ -1 ಆದ್ಯತೆ ಕೊಡಿ, ಅಂದರೆ ಅದನ್ನು ಹಾಕದಂತೆ ತಡೆಯಿರಿ. ಏರಿಸಿದ ಮೇಲೆ ಹಳೇ ಇನಿಟ್‌ನ ಪ್ಯಾಕೇಜಾದ ಸಿಸ್‌ವಿಇನಿಟ್-ಕೋರ್ ಇದೆಯೇ ನೋಡಿ, ಆಮೇಲಷ್ಟೇ ರೀಬೂಟ್.

ಇನ್ನೊಂದು ಮಾತು: ಡೆಬಿಯನ್ 8ರ ಬೆಂಬಲ ಮುಗಿದು ವರ್ಷಗಳೇ ಆದವು, ಅಲ್ಲೇ ನಿಲ್ಲಬೇಡಿ. ಸಿಸ್ಟಮ್‌ಡಿ ಬೇಡವೇ ಬೇಡ ಅಂದರೆ ಸಿಸ್ಟಮ್‌ಡಿ ಕುರಿತ ಜಗಳದಿಂದಲೇ ಡೆಬಿಯನ್ನಿನಿಂದ ಕವಲೊಡೆದು ಹುಟ್ಟಿದ ಡೆವುವನ್ ಇದೆ. ನಿಮ್ಮ ಎಫ್‌ಎಸ್‌ಟ್ಯಾಬ್ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.