ಕೆಂಪುಕಲ್ಲಿನ ಪುಡಿಯಿಂದ ಬಾವಿ ನೀರು ಸರಿಯಾಗುತ್ತಾ?

ಪ್ರಶ್ನೆ: ನಮ್ಮದು ಉಡುಪಿ ಹತ್ತಿರದ ಹಳ್ಳಿ. ಬಾವಿಯಿಂದ ಸೇದುವಾಗ ನೀರು ತಿಳಿಯಾಗಿಯೇ ಇರುತ್ತದೆ, ಸಂಜೆಯೊಳಗೆ ಕೊಡಪಾನದ ತಳ ಕೆಂಪು. ಬಿಳಿ ಪಂಚೆ ಎಲ್ಲ ಹಾಳು. ಕೆಂಪುಕಲ್ಲು ನೀರನ್ನು ಶುದ್ಧ ಮಾಡುತ್ತದೆ ಅಂತ ಒಂದು ವಿಡಿಯೋ ನೋಡಿದೆ. ಮನೆ ಕಟ್ಟಿ ಉಳಿದ ಕಲ್ಲು ಅಂಗಳದಲ್ಲಿ ರಾಶಿ ಬಿದ್ದಿದೆ. ಪುಡಿ ಮಾಡಿ ಡ್ರಮ್ಮಿಗೆ ತುಂಬಲೇ?

ಉತ್ತರ: ಬೇಡ ಮಾರಾಯ್ರೆ! ವಿಡಿಯೋ ಸುಳ್ಳಲ್ಲ, ಆದರೆ ಅದು ಬೇರೆ ಕಾಯಿಲೆಯ ಮದ್ದು. ಖರಗ್‌ಪುರದ ಐಐಟಿಯವರು ಕೆಂಪುಕಲ್ಲನ್ನು ಆಮ್ಲ, ಕ್ಷಾರದಲ್ಲಿ ಹದ ಮಾಡಿದ್ದು ಬಂಗಾಳದ ನೀರಿನಲ್ಲಿರುವ ಆರ್ಸೆನಿಕ್ ಎಂಬ ವಿಷ ಹಿಡಿಯಲಿಕ್ಕೆ. ಕಲ್ಲಿನೊಳಗಿನ ಕಬ್ಬಿಣಕ್ಕೆ ಆರ್ಸೆನಿಕ್ ಅಂಟಿಕೊಳ್ಳುತ್ತದೆ. ನಿಮಗೆ ಕಾಟ ಕೊಡುತ್ತಿರುವುದೇ ಕಬ್ಬಿಣ, ಅಲ್ವಾ? ಹಸಿ ಪುಡಿ ತುಂಬಿದರೆ ಕೆಸರು ಜಾಸ್ತಿಯಾಗುತ್ತದೆ, ಅಷ್ಟೇ.

ನೆಲದಡಿ ಗಾಳಿ ಇಲ್ಲದ ಕಡೆ ಕಬ್ಬಿಣ ನೀರಲ್ಲಿ ಕರಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಗಾಳಿ ತಾಗಿದ ಮೇಲೆ ತುಕ್ಕಾಗಿ ತಳಕ್ಕೆ ಕೂರುತ್ತದೆ. ಆ ಕೆಲಸ ಕೊಡಪಾನದ ಬದಲು ಒಂದು ಡ್ರಮ್ಮಿನಲ್ಲಿ ಆಗಲಿ. ತೂತು ಮಾಡಿದ ಟ್ರೇಯ ಮೇಲಿಂದ ನೀರನ್ನು ಮಳೆಯ ಹಾಗೆ ಬೀಳಿಸಿ, ಒಂದು ರಾತ್ರಿ ಬಿಟ್ಟು, ಮೇಲಿನ ನೀರನ್ನು ಎರಡನೇ ಡ್ರಮ್ಮಿನ ಹೊಯಿಗೆಗೆ (ಮರಳಿಗೆ) ಬಿಡಿ. ಆ ಡ್ರಮ್ಮಿನ ತಳದಲ್ಲಿ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ಎರಡು ಅಡಿ ಹೊಯಿಗೆ. ಹೊಳೆ ಹೊಯಿಗೆಯನ್ನೇ ಜರಡಿ ಹಿಡಿದು, ತೊಳೆದ ನೀರು ತಿಳಿಯಾಗುವ ತನಕ ತೊಳೆಯಿರಿ. ಕಡಲಿನದ್ದು ಉಪ್ಪು, ಬೇಡ.

ಇನ್ನೊಂದು ಸಂಗತಿ ಜನ ಮರೆಯುತ್ತಾರೆ. ನಮ್ಮ ಕೆಂಪುಕಲ್ಲಿನ ನೆಲದ ಬಾವಿ ನೀರಿಗೆ ಹಲವು ಕಡೆ ಸ್ವಲ್ಪ ಆಮ್ಲದ ಗುಣ ಇರುತ್ತದೆ, ಅಂಥ ನೀರಿನಲ್ಲಿ ಕಬ್ಬಿಣ ಬೇಗ ತುಕ್ಕಾಗುವುದಿಲ್ಲ. ಆಮ್ಲ ಎಷ್ಟಿದೆ ಅಂತ ತೋರಿಸುವ ಪಿಎಚ್ ಪಟ್ಟಿ ಅದ್ದಿ ನೋಡಿ. 6.5ಕ್ಕಿಂತ ಕಡಿಮೆ ಬಂದರೆ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪನ್ನು ಕುದಿಸಿ, ಮಾಂಸದ ಚೂರೂ ಇಲ್ಲದಂತೆ ಉಜ್ಜಿ (ಇಲ್ಲದಿದ್ದರೆ ವಾಸನೆಗೆ ಮನೆಯವರೇ ನಿಮ್ಮನ್ನು ಹೊರಗೆ ಹಾಕುತ್ತಾರೆ), ಜಜ್ಜಿ, ಬಲೆಯ ಚೀಲದಲ್ಲಿ ಕಟ್ಟಿ ಮೊದಲ ಡ್ರಮ್ಮಿನಲ್ಲಿ ಮುಳುಗಿಸಿ. ಅಂಗಡಿಯಲ್ಲಿ ಕ್ಯಾಲ್ಸೈಟ್ ಅಂತ ಮಾರುವುದೂ ಇದೇ ಕ್ಯಾಲ್ಸಿಯಂ ಕಾರ್ಬೊನೇಟ್. ನಿಧಾನಕ್ಕೆ ಕರಗುತ್ತದೆ, ಸವೆದ ಹಾಗೆ ತುಂಬಬೇಕು. ತುಕ್ಕು ಅಂಟಿದರೆ ಚೀಲ ಎತ್ತಿ ತೊಳೆದರಾಯಿತು.

ಆಮೇಲೂ ಕೆಂಪು ಬಂದರೆ ಕಬ್ಬಿಣ ಹಿಡಿಯುವ ಮ್ಯಾಂಗನೀಸ್ ಡೈಆಕ್ಸೈಡ್ ಲೇಪದ ಮರಳನ್ನು ಕೊಂಡು ತನ್ನಿ. ಅದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಕುಡಿಯುವ ನೀರನ್ನು ಕುದಿಸುವುದು ಬಿಡಬೇಡಿ, ರೋಗಾಣುಗಳನ್ನು ಈ ಡ್ರಮ್ ನಂಬಿ ಬಿಡುವ ಹಾಗಿಲ್ಲ.

ನೀರು ಇಳಿಯುವುದು ನಿಧಾನವಾದರೆ ಮೇಲಿನ ಒಂದಿಂಚು ಹೊಯಿಗೆ ಕೆರೆದು ತೊಳೆದು ಹಾಕಿ. ತೊಳೆದ ಕೆಂಪು ನೀರು ತೆಂಗಿನ ಬುಡಕ್ಕೆ ಹೋಗಲಿ, ಬಟ್ಟೆ ಒಗೆಯುವ ಕಲ್ಲಿನ ಕಡೆಗೆ ಬೇಡ.