ಕಾಡುಕೋಣ ನನಗೆ ಕಾಣಲಿಲ್ಲ

ನಮಸ್ಕಾರ.

ಭೀಮಗಡ ಅಭಯಾರಣ್ಯದ ಬಗ್ಗೆ ನಮ್ಮ ಪತ್ರಿಕೆಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಖಾನಾಪುರದ ಹೆಮ್ಮಡಗಾ ಕಡೆ ಅರಣ್ಯ ಕಾವಲುಗಾರರ ಜತೆ ನಡೆಯುವಾಗ ತಿರುವಿನಲ್ಲಿ ಕಾಡುಕೋಣ ಎದುರಾದ ಕಥೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಬೇಜಾರಾಗಬೇಡಿ. ಕೈಬಿಡಲು ಮನಸ್ಸಿಲ್ಲದ್ದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

'ದೈತ್ಯ', 'ಬೃಹದಾಕಾರ', 'ಬೆಟ್ಟದಂಥ'. ಇಂಥ ಮಾತುಗಳು ಏಳು ಕಡೆ ಬಂದಿವೆ. ಏಳು ಕಡೆಯೂ ನನಗೆ ಕೋಣ ಕಾಣಲಿಲ್ಲ. ಅದು ಕಂಡಿದ್ದು ಮೂರನೇ ಪುಟದಲ್ಲಿ, ನೀವು ಸುಮ್ನೆ ಬರೆದು ದಾಟಿಹೋದ ಒಂದು ಸಾಲಿನಲ್ಲಿ: 'ಜೀಪಿನ ದಾರಿಗೆ ಅಡ್ಡ ನಿಂತಿತ್ತು. ಮುಂಗಾಲು ಒಂದು ಗಾಲಿಜಾಡಿನಲ್ಲಿ, ಹಿಂಗಾಲು ಇನ್ನೊಂದರಲ್ಲಿ.' ಓದುತ್ತಾ ನಾನು ಅಲ್ಲೇ ನಿಂತುಬಿಟ್ಟೆ. ಲೇಖನ ಇಲ್ಲಿಂದ ಶುರುವಾಗಲಿ. ಅದಕ್ಕೂ ಮುಂಚೆ ಇರುವ ಶಿವಾಜಿ ಕಾಲದ ಕೋಟೆ, ಬಾರಾಪೇಡೆ ಗುಹೆಯ ಬಾವಲಿ, 2011ರಲ್ಲಿ ಅಭಯಾರಣ್ಯವಾದ ವಿಷಯ ಎಲ್ಲ ತೆಗೆಯಿರಿ.

ನೀವು ಅಥಣಿ ಕಡೆಯವರು, ಖಿಲಾರಿ ಎತ್ತಿನ ಮೈ ತೊಳೆದು ಬೆಳೆದವರು. ಹಾಗಂತ ನೀವೇ ಬರೆದಿದ್ದೀರಿ. ಹಾಗಿದ್ದಮೇಲೆ ಬೆಟ್ಟದ ಹೋಲಿಕೆ ಯಾಕೆ? ಒಳ್ಳೆಯ ಖಿಲಾರಿ ಹೆಗಲ ಹತ್ತಿರ ಸುಮಾರು 4.5 ಅಡಿ ಇರುತ್ತದೆ. ಬೆಳೆದ ಗಂಡು ಕಾಡುಕೋಣ 5.5ರಿಂದ 6 ಅಡಿ. ಈಚೆ ನಿಂತು ಎತ್ತಿನ ಬೆನ್ನ ಮೇಲಿಂದ ಕೈ ಚಾಚಿ ಆಚೆ ಪಕ್ಕ ಉಜ್ಜುತ್ತಿದ್ದಿರಿ ಅಲ್ವಾ? ಕೋಣದ ಪಕ್ಕ ನಿಂತರೆ ಆಚೆ ಪಕ್ಕ ಕಾಣುವುದೇ ಇಲ್ಲ. ಎತ್ತಿಗೆ ಹೆಗಲ ಮೇಲೆ ಇಣಿ, ಅಂದರೆ ಡುಬ್ಬ, ಇದ್ದರೆ, ಇದಕ್ಕೆ ಹೆಗಲಿಂದ ನಡುಬೆನ್ನಿನ ತನಕ ಒಂದೇ ದಿಣ್ಣೆ. ಅಲ್ಲಿಂದ ಬೆನ್ನು ತಟ್ಟನೆ ಇಳಿಯುತ್ತದೆ. ನಮ್ಮ ಓದುಗರಲ್ಲಿ ಎತ್ತು ನೋಡದವರು ಯಾರಿದ್ದಾರೆ? ಅವರಿಗೆ ಎತ್ತಿನಿಂದಲೇ ತೋರಿಸಿ.

ತೂಕ 'ಎರಡು ಟನ್' ಅಂದಿದ್ದೀರಿ. ಅದು ತಪ್ಪು. ದೊಡ್ಡ ಗಂಡು 1,000 ಕೆಜಿ ಆಸುಪಾಸು ತೂಗುತ್ತದೆ. ಅಷ್ಟೇ ಬರೆಯಿರಿ, ಜಾಸ್ತಿ ಮಾಡಬೇಡಿ.

ಫೋಟೋ ಬಗ್ಗೆ. ಜೂಮ್ ಮಾಡಿ ತೆಗೆದಿದ್ದರಿಂದ ಕೋಣ ಮನೆಯ ಎಮ್ಮೆಯಷ್ಟೇ ಕಾಣುತ್ತದೆ. ಅಳತೆಗೆ ಸಿಗುತ್ತಿದ್ದ ಗಾಲಿಜಾಡು ಚಿತ್ರದಿಂದ ಹೊರಗೆ ಹೋಗಿದೆ. ಜೂಮ್ ಮಾಡದ ಫೋಟೋ ಇದ್ದರೆ ಕಳಿಸಿ, ಮಸುಕಾಗಿದ್ದರೂ ಪರವಾಗಿಲ್ಲ.

ಇನ್ನೊಂದು ಮಾತು. 'ಫೋಟೋಗಾಗಿ ಹತ್ತು ಹೆಜ್ಜೆ ಮುಂದೆ ಹೋದೆ' ಎಂಬ ಸಾಲು ಓದಿ ಸಿಟ್ಟು ಬಂತು, ಹೆದರಿಕೆಯೂ ಆಯಿತು. ಕೋಣ ಬುಸುಗುಟ್ಟಿತು ಅಂತ ನೀವೇ ಬರೆದಿದ್ದೀರಿ. ಅದು ನಿಮ್ಮನ್ನು ಎಚ್ಚರಿಸುತ್ತಿತ್ತು. ಇದನ್ನು ಧೈರ್ಯ ಎಂದು ನಾನು ಅಚ್ಚು ಹಾಕಿಸಲಾರೆ. ನಾಳೆ ಇನ್ಯಾರೋ ಓದಿ ಹಾಗೇ ಮಾಡಿದರೆ? ತಪ್ಪು ಮಾಡಿದೆ ಅಂತ ಬರೆಯಲು ಆಗುವುದಾದರೆ ಆ ಸಾಲು ಉಳಿಯಲಿ. ಕಾವಲುಗಾರರು ನಿಮ್ಮ ತೋಳು ಹಿಡಿದು ಹಿಂದಕ್ಕೆ ಎಳೆದರಲ್ಲ, ಆಗ ಅವರು ಏನಂದರು? ಅದು ಲೇಖನದಲ್ಲಿ ಇಲ್ಲವೇ ಇಲ್ಲ. ನೆನಪು ಮಾಡಿಕೊಂಡು, ಅವರು ಅಂದ ಹಾಗೇ ಬರೆದು ಕಳಿಸಿ.