ತೂಕ ಇಳಿಸುವ ಸರ್ಜರಿಗೆ ಮುಂಚೆ ಜೊತೆಗೆ ಯಾರಿದ್ದರು?

ಸರ್ಜರಿಗೆ ಇನ್ನು ಎರಡು ತಿಂಗಳಿದೆ, ಮನೆಯವರಿಗೆ ಇಷ್ಟವಿಲ್ಲ, ಗೆಳತಿಯರಿಗೆ ಹೇಳಲು ನಾಚಿಕೆ, ನಿಮಗೆಲ್ಲ ಜೊತೆ ಹೇಗೆ ಸಿಕ್ಕಿತು ಎಂದು ಕೇಳಿದ್ದೀರಿ.

ನನಗೆ ಸಿಕ್ಕಿದ್ದು ಒಂದು ಬೆಂಚಿನ ಮೇಲೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಡಯಟೀಷಿಯನ್ ಕೋಣೆಯ ಹೊರಗೆ ಕಾಯುತ್ತಿದ್ದೆ. ಅಲ್ಲಿದ್ದ ಕುರ್ಚಿಗಳಿಗೆಲ್ಲ ಕೈ ಇತ್ತು. ಆಗ ನಾನು 116 ಕೆಜಿ. ಕೈ ಇರುವ ಕುರ್ಚಿಯಲ್ಲಿ ಕೂತರೆ ಏಳುವಾಗ ಕುರ್ಚಿಯೂ ಜೊತೆಗೇ ಏಳುತ್ತಿತ್ತು. ನಿಮಗೆ ಗೊತ್ತಿರುತ್ತೆ, ಅಲ್ವಾ? ಗೋಡೆ ಪಕ್ಕದ ಒಂದೇ ಒಂದು ಬೆಂಚಿನಲ್ಲಿ ಮಂಡ್ಯ ಕಡೆಯ ಒಬ್ಬರು ಕೂತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು. ಸರಿದು ಜಾಗ ಕೊಟ್ಟು, 'ಕೂತ್ಕೊಳ್ಳಿ, ಅಲ್ಲಾಡಿಸಿ ನೋಡಿದೀನಿ, ಇಬ್ರನ್ನೂ ತಡೆಯುತ್ತೆ' ಅಂದರು. ಎಷ್ಟೋ ದಿನದ ಮೇಲೆ ನನ್ನ ತೂಕದ ವಿಷಯಕ್ಕೆ ನಾನೇ ನಕ್ಕೆ.

ಬೆಂಚಿನ ಮೇಲೆ ಸಿಕ್ಕ ಈ ಅಕ್ಕನಿಗೆ ಸಕ್ಕರೆ ಕಾಯಿಲೆ. ಅವರ ವಿಮೆ ಪಾಲಿಸಿಯಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 40 ದಾಟಿರಬೇಕು, ಇಲ್ಲವೇ 35ರ ಜೊತೆಗೆ ಹತೋಟಿಗೆ ಬಾರದ ಸಕ್ಕರೆಯಂಥ ಕಾಯಿಲೆ ಇರಬೇಕು ಎಂದಿತ್ತು. ಡಾಕ್ಟರು ಮಾತ್ರ ಸಕ್ಕರೆ ಹತೋಟಿಗೆ ಬರದೆ ಸರ್ಜರಿ ಬೇಡ ಅಂದಿದ್ದರು. 'ಇವರಿಗೆ ಬರಬಾರದಂತೆ, ಅವರಿಗೆ ಬರಬೇಕಂತೆ, ನಾನು ಯಾರ ಮಾತು ಕೇಳ್ಲಿ' ಅಂತ ನಗುತ್ತಿದ್ದರು. ಹಾಗಾಗಿ ಅವರದು ಮುಂದಕ್ಕೆ ಹೋಯಿತು, ನನ್ನದು ಮೊದಲು ಆಯಿತು.

ಸರ್ಜರಿಗೆ ಮುಂಚಿನ ಎರಡು ವಾರ ಇದೆಯಲ್ಲ, ಜೊತೆ ಬೇಕಾಗುವುದು ಆಗ. ಅನ್ನ, ಚಪಾತಿ, ಸಿಹಿ ಎಲ್ಲ ಬಂದ್. ಪ್ರೋಟೀನ್ ಪುಡಿ, ಮಜ್ಜಿಗೆ, ತರಕಾರಿ, ಸ್ವಲ್ಪ ಪನೀರ್. ಇದು ಸುಮ್ನೆ ತೂಕ ಇಳಿಸುವುದಕ್ಕಲ್ಲ. ನಮ್ಮಂಥವರ ಲಿವರ್ ಕೊಬ್ಬು ತುಂಬಿ ದಪ್ಪಗಿರುತ್ತೆ. ಅದು ಹೊಟ್ಟೆಚೀಲದ ಮೇಲೆಯೇ ಕೂತಿರುವುದರಿಂದ, ಕುಗ್ಗಿದರೆ ಡಾಕ್ಟರಿಗೆ ಅದನ್ನು ಎತ್ತಿ ಹಿಡಿದು ಕೆಲಸ ಮಾಡಲು ಸುಲಭ. ನನ್ನ ಎರಡು ವಾರದ ಮಧ್ಯೆ ಗಣೇಶನ ಹಬ್ಬ ಬಂತು. ಮನೆ ತುಂಬ ಕಡುಬಿನ ವಾಸನೆ. ರಾತ್ರಿ ಹತ್ತಕ್ಕೆ ಅಕ್ಕನಿಗೆ ಫೋನ್ ಮಾಡಿ ಅತ್ತೆ. ಅವರು ಬುದ್ಧಿ ಹೇಳಲಿಲ್ಲ. 'ಹೂರಣಕ್ಕೆ ಏಲಕ್ಕಿ ಹಾಕಿದಾರಾ?' ಅಂತ ಕೇಳಿದರು! ಅರ್ಧ ಗಂಟೆ ಬರೀ ಕಡುಬಿನ ಮಾತು. ತಿನ್ನದೇ ಮಲಗಿದೆ.

ಹಳೇ ಗೆಳೆತನದ ವಿಷಯ ಬೇರೆ. ನನ್ನ ಕಾಲೇಜಿನ ಗೆಳತಿಯೂ ನಾನೂ ಶನಿವಾರ ವಿ.ವಿ. ಪುರದ ತಿಂಡಿ ಬೀದಿಗೆ ಹೋಗುವವರು. ಸರ್ಜರಿ ಅಂದಾಗ ಅವಳು ಕೇಳಿದ್ದು, 'ಹಾಗಾದ್ರೆ ಇನ್ಮೇಲೆ ನಾವೇನು ಮಾಡೋದು?' ನನಗೆ ವಿಪರೀತ ಕೋಪ ಬಂತು. ಈಗ ಅನ್ನಿಸುತ್ತೆ, ಉಳಿದವರೆಲ್ಲ ಜೇನುನೀರು ಕುಡಿ, ಬಾಯಿ ಕಟ್ಟು ಅಂತಿದ್ದಾಗ ನಿಜವಾದ ಪ್ರಶ್ನೆ ಕೇಳಿದ್ದು ಅವಳೊಬ್ಬಳೇ. ನಮ್ಮ ಗೆಳೆತನದಲ್ಲಿ ತಿಂಡಿ ಬಿಟ್ಟರೆ ಏನಿತ್ತು ಅಂತ ನನಗೂ ಗೊತ್ತಿರಲಿಲ್ಲ. ಆರು ತಿಂಗಳು ಮಾತು ಕಡಿಮೆಯಾಯಿತು. ಆಮೇಲೆ ಸರಿಹೋಯಿತು, ಆದರೆ ಮೊದಲಿನಂತಲ್ಲ.

ಮನೆಯವರ ಬಗ್ಗೆ ಒಂದೇ ಮಾತು: ವಾದ ಬೇಡ, ಒಂದು ಸಲ ಡಯಟೀಷಿಯನ್ ಮುಂದೆ ಕೂರಿಸಿ. ನಾನು ನೂರು ಸಲ ಹೇಳಿದ್ದನ್ನು ಅಮ್ಮ ಅವರ ಬಾಯಲ್ಲಿ ಕೇಳಿ ಒಪ್ಪಿದರು. ಎಲ್ಲರಿಗೂ ಹೇಳಬೇಕಾಗಿಲ್ಲ, ಆದರೆ ರಾತ್ರಿ ಆಸ್ಪತ್ರೆಯಲ್ಲಿ ಇರುವ ಒಬ್ಬರಿಗಾದರೂ ಎಲ್ಲವೂ ಗೊತ್ತಿರಲಿ.

ಇನ್ನು, ಹೊಸಬರು ಎಲ್ಲಿ ಸಿಗುತ್ತಾರೆ? ಈ ಸರ್ಜರಿ ಮಾಡುವ ಎಷ್ಟೋ ಆಸ್ಪತ್ರೆಗಳಲ್ಲಿ ರೋಗಿಗಳ ಸಭೆ ಇರುತ್ತೆ. ನಿಮ್ಮಲ್ಲಿ ಇಲ್ಲದಿದ್ದರೆ, ಸರ್ಜರಿ ಆಗಿ ಒಂದು ವರ್ಷ ದಾಟಿದವರೊಬ್ಬರ ಜೊತೆ ಮಾತಾಡಿಸಿ ಅಂತ ಡಯಟೀಷಿಯನ್‌ಗೆ ಕೇಳಿ. ಅವರನ್ನು ಕೇಳಿಯೇ ನಂಬರ್ ಕೊಡುತ್ತಾರೆ. ನನಗೆ ಹಾಗೆ ಸಿಕ್ಕ ಒಬ್ಬರು, ಡಾಕ್ಟರಿಗೆ ಕೇಳಲು ಸಂಕೋಚವಾಗಿದ್ದನ್ನೆಲ್ಲ ಹೇಳಿದರು. ಸರ್ಜರಿ ಮಾಡುವಾಗ ಹೊಟ್ಟೆಯೊಳಗೆ ತುಂಬುವ ಗ್ಯಾಸಿನಿಂದ ಎರಡು ದಿನ ಭುಜ ನೋಯುತ್ತೆ, ಹೆದರಬೇಡ, ಓಡಾಡು. ಮೂರನೇ ತಿಂಗಳ ಸುಮಾರಿಗೆ ಕೂದಲು ಉದುರುತ್ತೆ, ಮತ್ತೆ ಬರುತ್ತೆ. ಬಿ12, ಕ್ಯಾಲ್ಸಿಯಂ ಮಾತ್ರೆ ಮಾತ್ರ ಬಿಡಬೇಡ. ಬಚ್ಚಲಲ್ಲಿ ಕೂದಲಿನ ಉಂಡೆ ನೋಡಿದ ದಿನ ನಾನು ಗಾಬರಿಯಾಗದೇ ಇದ್ದದ್ದು ಇದರಿಂದ.

ಪುಡಿ ಮಾರಲು ಬರುವವರಿಂದ, ತಮ್ಮ ಮಾತ್ರೆಯ ಹೆಸರು ಬರೆದು ಕೊಡುವವರಿಂದ ದೂರ ಇರಿ.

ಒಂದು ತಪ್ಪು ನನ್ನದೂ ಇದೆ. ಸ್ಲೀವ್ ಆದ ಮೇಲೆ (ಹೊಟ್ಟೆಚೀಲದ ಶೇಕಡಾ 75ರಿಂದ 80 ಭಾಗ ತೆಗೆಯುತ್ತಾರೆ) ನನ್ನ ತೂಕ ದಡದಡ ಇಳಿಯಿತು. ಖುಷಿಗೆ ವಾರವಾರ ಅಕ್ಕನಿಗೆ ಫೋಟೋ ಕಳಿಸುತ್ತಿದ್ದೆ. ಅವರಿನ್ನೂ ಸಕ್ಕರೆ ಇಳಿಯಲಿ ಅಂತ ಕಾಯುತ್ತಿದ್ದರು. ಒಂದು ದಿನ 'ಫೋಟೋ ಬೇಡಮ್ಮ, ಫೋನ್ ಮಾಡು ಸಾಕು' ಅಂದರು. ಆಮೇಲೆ ಒಂದು ತಿಂಗಳು ಅವರೇ ಫೋನ್ ಎತ್ತಲಿಲ್ಲ. ನಾನು ಸುಮ್ಮನಿದ್ದೆ. ತಾರೀಕು ಸಿಕ್ಕ ದಿನ ಅವರೇ ಕರೆ ಮಾಡಿದರು, ಏಲಕ್ಕಿ ಹಾಕದೇ ಇರೋ ಕಡುಬು ತಿನ್ನೋರನ್ನ ಬೈಯುತ್ತಲೇ ಮಾತು ಶುರು.

ಅವರ ಬೈಪಾಸ್ (ಹಾರ್ಟಿನದಲ್ಲ, ಹೊಟ್ಟೆಚೀಲವನ್ನು ಚಿಕ್ಕದು ಮಾಡಿ ಕರುಳಿಗೆ ಜೋಡಿಸುವುದು) ಆದ ಎರಡು ತಿಂಗಳಿಗೆ ಇಬ್ಬರೂ ಒಂದು ದರ್ಶಿನಿಗೆ ಹೋದೆವು. ಒಂದು ಪ್ಲೇಟ್ ಇಡ್ಲಿ ತಗೊಂಡು ಬೈ ಟೂ ಮಾಡಿದೆವು. ನನ್ನದು ಮುಗಿಯಿತು, ಅವರದು ಅರ್ಧ ಗಂಟೆಯಾದರೂ ಕಾಲು ಇಡ್ಲಿ ಉಳಿದಿತ್ತು. ಟೇಬಲ್ ಒರೆಸುವ ಹುಡುಗ ಎರಡು ಸಲ ಬಂದು ನೋಡಿ ಹೋದ. ಮೂರನೇ ಸಲ ಬಂದಾಗ ಅಕ್ಕ ಅಂದರು, 'ಇನ್ನೂ ಟೈಮ್ ಆಗುತ್ತಪ್ಪ, ನಮ್ದು ಈಗಷ್ಟೇ ಶುರು.'